ಹತ್ತು ರೂಪಾಯಿ ಬಾಕಿ

ಹದಿನಾರು ಅಂಗಿ ಬರಬೇಕಿತ್ತು, ಹದಿನೈದು ಬಂದವು,
ಕಾಫಿ ಚೀಲದಲ್ಲಿ ತುರುಕಿ, ಬಾಯಿಗೆ ಬಾಳೆನಾರು ಕಟ್ಟಿ.
ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದೆ
ಮೀನಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ
ಸಿಕ್ಕಿಕೊಂಡ ನನ್ನ ಮಿಷಿನ್ನಿನ ಮೇಲೆ
ಚೀಲ ಇಳಿಸಿ ಮ್ಯಾನೇಜರ್ ಮೊಯ್ದು ಇಕ್ಕ ಹೇಳಿದರು:
"ಚೇಚಿ, ಬರುವ ವರ್ಷವೂ ಹಳೆಯದೇ. ಹೊಲಿದು ಕೊಡಿ."

ಸೆಮಿಫೈನಲ್ ಮುಟ್ಟಿದ್ದರೆ ಹೊಸ ಸೆಟ್ಟು ಕೊಡಿಸುತ್ತೇನೆಂದು
ಕರಿಮೆಣಸಿನ ವ್ಯಾಪಾರಿ ಮಾತು ಕೊಟ್ಟಿದ್ದರಂತೆ.
ಅಂಕ ಸಮ, ಗೆದ್ದದ್ದು ಸಮ, ಒಂದೇ ಒಂದು ಗೋಲು
ಪಾಲಿಬೆಟ್ಟದವರ ಕಡೆ ಹೆಚ್ಚು.
ಪ್ರೆಸಿಡೆಂಟರು ಎದ್ದು ನಿಂತು
"ನಾವು ಸೋತಿಲ್ಲ, ಕಲಿತಿದ್ದೇವೆ" ಅಂದರಂತೆ.
ಏನು ಕಲಿತಿರಿ ಎಂದು ಯಾರೂ ಕೇಳಲಿಲ್ಲ,
ಅಷ್ಟರಲ್ಲಿ ಚಹಾ ಬಂತು.

ನನಗೆ ಆಫ್‌ಸೈಡು ಇನ್ನೂ ಅರ್ಥವಾಗಿಲ್ಲ.
ಮೈದಾನಕ್ಕೆ ಹೋದದ್ದು ಒಂದೇ ಸಲ,
ಅವತ್ತು ತೋಟದಿಂದ ಆನೆ ಇಳಿದು
ಗೋಲ್ ಕಂಬಕ್ಕೆ ನಿಧಾನವಾಗಿ ಮೈ ಉಜ್ಜಿಕೊಂಡು
ಆಟವೇ ಮುಂದಕ್ಕೆ ಹೋಯಿತು.
ಬಟ್ಟೆಯಾದರೆ ಗೊತ್ತು.

ಜಾಬಿರನದು ನೋಡಿ, ಒಂದನೇ ನಂಬರು.
ಹೋದ ವರ್ಷ ಬಲ ಮೊಣಕೈ ಮಾತ್ರ ಹರಿದಿತ್ತು,
ಎಡದ್ದು ಅಂಗಡಿಯಿಂದ ತಂದ ಹಾಗೇ.
ಎಡಕ್ಕೆ ಬಂದ ಚೆಂಡನ್ನೆಲ್ಲ
ಕಣ್ಣಲ್ಲೇ ಬೀಳ್ಕೊಡುತ್ತಿದ್ದ ಹುಡುಗ.
ಈ ಸಲ ಎರಡೂ ಮೊಣಕೈ ಚಿಂದಿ.
ತೇಪೆಗೆ ಬಟ್ಟೆ ಸಾಲದೆ
ನನ್ನ ಹಳೆ ಕೊಡೆಗೆ ಕತ್ತರಿ ಹಾಕಿದೆ.

ಲೈನ್ ಮನೆಯ ಮುತ್ತುರಾಜ, ಆರನೇ ನಂಬರು,
ಅವನ ಕೊರಳಪಟ್ಟಿ ಹಿಂದುಗಡೆ ಹರಿದಿದೆ, ಮೂರು ಕಡೆ.
ಎದುರು ನಿಂತು ತಡೆಯಲಾಗದವರು
ಬೆನ್ನ ಹಿಂದಿನಿಂದ ಹಿಡಿದು ಎಳೆದದ್ದು ಅದು.
ಹೊಲಿಯುವಾಗ ನನಗೇ ಒಂಚೂರು ಜಂಬ.

ಹನ್ನೊಂದನೆಯವನದರಲ್ಲಿ ಬೀಡಿಯ ತೂತು.
ಅವನಮ್ಮನಿಗೆ ಹೇಳಬೇಕು.

ಹದಿನಾಲ್ಕು ತೋಲನದು. ಎರಡು ವರ್ಷ
ಇಸ್ತ್ರಿಯ ಗೆರೆ ಕೂಡ ಕೆಡದೆ ವಾಪಸು ಬಂದ ಅಂಗಿ.
ಈ ಸಲ ಅಮ್ಮತ್ತಿಯವರ ಮೇಲೆ
ಹನ್ನೊಂದು ನಿಮಿಷ ಆಡಿದನಂತೆ.
ಹನ್ನೊಂದು ನಿಮಿಷಕ್ಕೆ ಇಷ್ಟು ಕೆಸರೇ?
ಮೂರು ನೀರು ತೆಗೆದರೂ ಕೆಂಪು ಬಿಡಲಿಲ್ಲ.
ಬಿಡದಿದ್ದರೆ ಇರಲಿ ಎಂದು ಒಣಹಾಕಿದೆ.

ಹದಿನಾರನೆಯದು ರಾತ್ರಿ ಬಂತು, ಕರೆಂಟು ಹೋದ ಮೇಲೆ.
ಉತ್ತಯ್ಯ ತಾನೇ ತಂದ, ಒಗೆದು, ಮಡಿಸಿ.
ಕಂಬಕ್ಕೆ ಬಡಿದ ಆ ಪೆನಾಲ್ಟಿ ಅವನದೇ.
"ಅದೊಂದು ಒಳಗೆ ಹೋಗಿದ್ದರೆ" ಎಂದು ಶುರುಮಾಡಿದ ಪೇಟೆ
ಅವನನ್ನು ಕಂಡೊಡನೆ
ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸುತ್ತದೆ.

"ಚೇಚಿ, ನಂಬರು ಬಿಚ್ಚಿಬಿಡಿ.
ಬೇರೆ ಯಾವುದಾದರೂ ಹಾಕಿ, ಬೇರೆ ಯಾರಿಗಾದರೂ ಕೊಡಲಿ."
ನಾನು ವಾದ ಮಾಡಲಿಲ್ಲ. ಗಿರಾಕಿ ಹೇಳಿದ ಕೆಲಸ.
ಅವನು ಮೊಬೈಲಿನ ಬೆಳಕು ಹಿಡಿದ,
ನಾನು ಬ್ಲೇಡಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಕಿತ್ತೆ.

ಒಂಬತ್ತು ಕಳಚಿ ಕೈಗೆ ಬಂತು.
ಅದರ ಕೆಳಗೆ ಇನ್ನೊಂದು ಒಂಬತ್ತು.
ನಾಲ್ಕು ವರ್ಷದ ಬಿಸಿಲಿಗೆ ಅಂಗಿಯೆಲ್ಲ ಮಾಸಿ
ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತ್ತು,
ನಂಬರಿನ ಅಡಿಯ ಬಟ್ಟೆ ಮಾತ್ರ
ಕೊಂಡ ದಿನದ ಹಸಿರಿನಲ್ಲೇ ಉಳಿದಿತ್ತು.

ಇಬ್ಬರೂ ನೋಡಿದೆವು. ಮೀನಂಗಡಿಯ ಬೆಕ್ಕು ಕೂಡ.
"ಇದನ್ನೇನು ಮಾಡಲಿ?" ಕೇಳಿದೆ,
"ಇದು ಬ್ಲೇಡಿಗೆ ಬರುವುದಿಲ್ಲ."
ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಮೂಗು ಒರೆಸಿಕೊಂಡು ನಕ್ಕ:
"ಹಾಗಾದರೆ ಮೇಲಿನದನ್ನೂ ಹಾಕಿಬಿಡಿ."

ಬಿಚ್ಚಿದ್ದಕ್ಕೆ ಇಪ್ಪತ್ತು, ಹೊಲಿದದ್ದಕ್ಕೆ ಇಪ್ಪತ್ತು.
ಜೇಬೆಲ್ಲ ತಡಕಿ ಮೂವತ್ತು ಕೊಟ್ಟ.
"ಬಾಕಿ ಹತ್ತು ಮುಂದಿನ ಸೀಸನ್ನಿಗೆ, ಚೇಚಿ."
ಪುಸ್ತಕದಲ್ಲಿ ಬರೆದುಕೊಂಡೆ.